ಹಗ್ಗ ಕಟ್ಟಿದ ಗುಂಡು

ಪೊಲೀಸರು ಮಾವನನ್ನು ಹಿಡಿದುಕೊಂಡು ಹೋದರು ಎಂದು ಮೈದುನ ಓಡಿಬಂದು ಹೇಳಿದ. ಅತ್ತೆ ಕೇಳಿದ್ದು ಒಂದೇ ಮಾತು.

"ಅಂಗಿ ಹಾಕ್ಕೊಂಡಿದ್ರಾ?"

ಹಾಕಿಕೊಂಡಿದ್ದರು ಎಂದ.

"ಹಂಗಾದ್ರೆ ವಾಪಸ್ ಬರ್ತಾರೆ ಬಿಡು," ಎಂದು ಅತ್ತೆ ಒಲೆಯ ಕಡೆ ತಿರುಗಿದರು.

ನಮ್ಮ ಬೀದಿಯ ಗಂಡಸರು ಅಂಗಿ ಬಿಚ್ಚುವುದು ಎರಡೇ ಹೊತ್ತಿನಲ್ಲಿ. ಸ್ನಾನಕ್ಕೆ ಮತ್ತು ಒಳಚರಂಡಿಯ ಗುಂಡಿಗೆ ಇಳಿಯುವುದಕ್ಕೆ. ಬಿಚ್ಚಿದ ಅಂಗಿಯನ್ನು ಮಡಿಸಿ ಮುಚ್ಚಳದ ಮೇಲೆ ಇಡುತ್ತಾರೆ. ಮೇಲೆ ಬಂದವನು ಮೊದಲು ಕೈ ಹಾಕುವುದು ಅದಕ್ಕೆ. ಹದಿನಾಲ್ಕು ತಿಂಗಳ ಹಿಂದೆ ನನ್ನ ಗಂಡನ ಅಂಗಿ ಮುಚ್ಚಳದ ಮೇಲೆಯೇ ಉಳಿಯಿತು. ನೀಲಿ ಅಂಗಿ. ಚೆನ್ನಾಗಿ ಮಡಿಸಿದ್ದ.

ಸಾವಿನ ಕಾಗದದಲ್ಲಿ 'ಮದ್ಯದ ಅಮಲಿನಲ್ಲಿ ಕಾಲು ಜಾರಿ' ಎಂದು ಬರೆದರು. ಕೆಮ್ಮಿನ ಔಷಧಿ ಕುಡಿಯಲೂ ಅವನು ಮುಖ ಸಿಂಡರಿಸುತ್ತಿದ್ದ. ಗುಂಡಿಯಲ್ಲಿ ವಿಷದ ಗಾಳಿ ಇತ್ತು. ಅದನ್ನು ಬರೆಯಿರಿ ಎಂದು ನಾನು ಹನ್ನೊಂದು ಅರ್ಜಿ ಕೊಟ್ಟೆ. ಹನ್ನೊಂದಕ್ಕೂ ಒಂದೇ ಉತ್ತರ ಬಂತು. 'ಸದರಿ ಸಾಲಿನ ಗುಂಡಿಗಳಲ್ಲಿ ವಿಷಾನಿಲ ಇದ್ದ ಬಗ್ಗೆ ಯಾವುದೇ ದಾಖಲೆ ಇರುವುದಿಲ್ಲ.'

ನಾನು ಕಾನೂನು ಓದಿದವಳು. ಪದವಿ ಕೈಗೆ ಬಂದ ಮೇಲೆ ಮೂವರು ವಕೀಲರ ಕಚೇರಿಗೆ ಹೋದೆ. ಇಬ್ಬರು ಜಾಗ ಇಲ್ಲ ಎಂದರು. ಮೂರನೆಯವರು, ಬೆಳಿಗ್ಗೆ ಬೇಗ ಬಂದು ಕಕ್ಕಸು ತೊಳೆದುಕೊಡು, ಮಿಕ್ಕಿದ್ದು ಆಮೇಲೆ ನೋಡೋಣ ಎಂದರು. ಈಗ ಕೋರ್ಟಿನ ಗೋಡೆಯ ಹೊರಗೆ ಛತ್ರಿಯ ಕೆಳಗೆ ಕೂತು ಟೈಪ್ ಮಾಡುತ್ತೇನೆ. ಬೇರೆಯವರ ಅರ್ಜಿ.

ಮಾವನ ಮೇಲಿನ ಆರೋಪ ನಿಷೇಧಿತ ಬಂದೂಕು ತಯಾರಿಸಿದ್ದು.

ಬಂದೂಕಿನ ಕಥೆ ಹೀಗೆ. ಹಿರಿಯ ಮಗ ಹೋದ ಮೇಲೆ ಮಾವ ಗುಂಡಿಗೆ ಇಳಿಯಲಿಲ್ಲ. ಕಿರಿಯವನನ್ನೂ ಇಳಿಸಲಿಲ್ಲ. ಅವನನ್ನು ಉಳಿಸಿಕೊಳ್ಳಲು ಗಂಡ ಹೆಂಡತಿ ಒಂದೊಂದು ದಾರಿ ಹಿಡಿದರು. ಅತ್ತೆ ಅವನನ್ನು ದಪ್ಪ ಮಾಡಲು ಹೊರಟರು. ಗುಂಡಿಯ ಬಾಯಿ ಎರಡು ಅಡಿ ಅಗಲ. ಬಾಯಲ್ಲಿ ಹಿಡಿಯದ ಮಗನನ್ನು ಗುಂಡಿ ನುಂಗುವುದು ಹೇಗೆ? ದಿನಕ್ಕೆ ನಾಲ್ಕು ಹೊತ್ತು ಬಡಿಸಿದರು. ಅವನು ಹಗ್ಗದ ಹಾಗೇ ಉಳಿದ.

"ತಿಂದಿದ್ದೆಲ್ಲ ಎಲ್ಲಿಗೆ ಹೋಗುತ್ತೋ ನಿಂಗೆ?"

"ಇನ್ನೆಲ್ಲಿಗಮ್ಮ, ಚರಂಡಿಗೆ."

ಮಾವ ಯಂತ್ರ ಮಾಡಿದರು. ಪಂಕ್ಚರ್ ಅಂಗಡಿಯವನು ಮೂಲೆಗೆ ಎಸೆದಿದ್ದ ಗಾಳಿ ಟ್ಯಾಂಕು. ಕಾರು ತೊಳೆಯುವ ಕಡೆ ಬಿದ್ದಿದ್ದ ಪಿಸ್ತೂಲಿನಂಥ ಹಿಡಿ, ಟ್ರಿಗರ್ ಸಮೇತ. ಒಂದು ಗೇಣಿಗಿಂತ ಸ್ವಲ್ಪ ಉದ್ದದ ಕಬ್ಬಿಣದ ನಳಿಗೆ. ನಳಿಗೆಯ ತುದಿಗೆ ಹದಿನಾಲ್ಕು ಅಡಿಯ ಬಾಗಿದ ಪೈಪು ಸಿಕ್ಕಿಸಬೇಕು. ಪೈಪನ್ನು ಗುಂಡಿಗೆ ಇಳಿಬಿಟ್ಟು ಬಾಗಿದ ಮೂತಿಯನ್ನು ಚರಂಡಿಯ ಕೊಳವೆಗೆ ಹಿಡಿಸಬೇಕು. ಟ್ರಿಗರ್ ಒತ್ತಿದರೆ ಗಾಳಿಯ ಹೊಡೆತಕ್ಕೆ ಚಿಂದಿ ಸುತ್ತಿದ ರಬ್ಬರ್ ಚೆಂಡು ನುಗ್ಗಿ, ಕಟ್ಟಿಕೊಂಡದ್ದನ್ನು ಒಡೆಯುತ್ತಿತ್ತು. ಮನುಷ್ಯ ಮೇಲೆಯೇ ಇರುತ್ತಿದ್ದ. ಅಂಗಿ ಹಾಕಿಕೊಂಡೇ.

ಮೊದಲ ಸಲ ಹಾರಿಸಿದಾಗ ಯಂತ್ರ ಹಿಂದಕ್ಕೆ ಒದ್ದು ಮಾವ ಅಂಗಾತ ಬಿದ್ದರು. ಆಮೇಲೆ ಭುಜಕ್ಕೆ ಆನಿಸಲು ಮರದ ಹಿಡಿ ಬೇಕಾಯಿತು. ನನ್ನ ಮಂಚದ ಒಂದು ಕಾಲನ್ನು ಕೇಳಿದರು. ಕೊಟ್ಟೆ. ಮಂಚದ ಆ ಮೂಲೆಗೆ ಇಟ್ಟಿಗೆ ಇಟ್ಟೆವು. ಹಿಡಿಯ ತುದಿಗೆ ಮೆತ್ತೆ ಬೇಕಾಯಿತು. ಗಂಡನ ಸೈಕಲ್ಲಿನ ಸೀಟು ಬಿಚ್ಚಿಕೊಂಡರು. ಅದು ಅವನ ಕೂರುವಿಕೆಗೆ ಒಂದು ಕಡೆ ತಗ್ಗಾಗಿತ್ತು. ಮಾವನ ಭುಜ ಆ ತಗ್ಗಿನಲ್ಲಿ ಸರಿಯಾಗಿ ಕೂತಿತು.

ಎಂಟು ತಿಂಗಳು ನಮ್ಮ ಬೀದಿಯಿಂದ ಯಾರೂ ಗುಂಡಿಗೆ ಇಳಿಯಲಿಲ್ಲ. ಚರಂಡಿ ಕೆಲಸ ಹಿಡಿದಿದ್ದ ಗುತ್ತಿಗೆದಾರನ ಹೊಟ್ಟೆಗೆ ಬೆಂಕಿ ಬಿತ್ತು. ಅವನ ಬಳಿ ಕೊಳಚೆ ಹೀರುವ ಮೂರು ಯಂತ್ರ ಇವೆ, ಕಾಗದದ ಮೇಲೆ. ರಸ್ತೆಯ ಮೇಲೆ ಒಂದೂ ಇಲ್ಲ. ಮುದುಕನೊಬ್ಬ ಟ್ಯಾಂಕು, ಪೈಪು ಹೊತ್ತು ಹೋಗುವುದನ್ನು ಕಂಡ ಜನ, ನಿಮ್ಮ ಯಂತ್ರ ಎಲ್ಲಿ ಸ್ವಾಮಿ ಎಂದು ಕೇಳತೊಡಗಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವನು ಠಾಣೆಗೆ ದೂರು ಕೊಟ್ಟ.

ಪೊಲೀಸರು ಮಾವನನ್ನು ದಾರಿಯಲ್ಲೇ ಹಿಡಿದು, ಆಮೇಲೆ ಮನೆಗೂ ಬಂದರು. ಟ್ರಿಗರ್ ಇದೆ, ನಳಿಗೆ ಇದೆ, ಭುಜಕ್ಕೆ ಆನಿಸುವ ಹಿಡಿ ಇದೆ. ಬಂದೂಕಲ್ಲದೆ ಇನ್ನೇನು? ಅದನ್ನೂ ಟ್ಯಾಂಕನ್ನೂ ಚೆಂಡನ್ನೂ ಚೀಲಕ್ಕೆ ಹಾಕಿ ಮೊಹರು ಒತ್ತಿದರು. ಹದಿನಾಲ್ಕು ಅಡಿ ಪೈಪನ್ನು ಮಾತ್ರ ಬಿಟ್ಟುಹೋದರು. ಒಣಗಲೆಂದು ಎರಡು ಮೊಳೆಗಳ ಮೇಲೆ ಅಡ್ಡಲಾಗಿ ಇಟ್ಟಿದ್ದೆವು. ಅತ್ತೆ ಅದರ ಮೇಲೆ ಸೀರೆ ಹರವಿದ್ದರು. ಬಟ್ಟೆ ಒಣಹಾಕುವ ಗಳು ಎಂದುಕೊಂಡಿರಬೇಕು.

ಆ ರಾತ್ರಿ ಪುಸ್ತಕ ತೆಗೆದೆ. ನಿಷೇಧಿತ ಬಂದೂಕು ಎಂದರೆ ಯಾವುದು ಎಂದು ಕಾನೂನು ಮೂರು ವರ್ಗ ಮಾಡುತ್ತದೆ. ಟ್ರಿಗರ್ ಒತ್ತಿ ಹಿಡಿದರೆ, ಬೆರಳು ತೆಗೆಯುವವರೆಗೆ ಅಥವಾ ಗುಂಡು ಮುಗಿಯುವವರೆಗೆ ಹಾರಿಸುತ್ತಲೇ ಇರುವುದು ಮೊದಲನೆಯದು. ನಳಿಗೆ ಮೂವತ್ತು ಸೆಂಟಿಮೀಟರಿಗಿಂತ ಗಿಡ್ಡವಾಗಿದ್ದು, ಬಟ್ಟೆಯೊಳಗೆ ಬಚ್ಚಿಡಲು ಬರುವುದು ಎರಡನೆಯದು. ವಿಷಕಾರಿ ದ್ರವವನ್ನೋ ಅನಿಲವನ್ನೋ ಹೊರಬಿಡಲು ಮಾಡಿದ ಯಾವುದೇ ಸಾಧನ ಮೂರನೆಯದು. ಯಾವುದೇ ಒಂದರಲ್ಲಿ ಬಿದ್ದರೂ ಪರವಾನಗಿ ಎಂಬುದೇ ಇಲ್ಲ. ಏಳು ವರ್ಷ.

ಗುತ್ತಿಗೆದಾರ ಯಾರನ್ನೋ ಕೇಳಿಕೊಂಡು ಬರೆಸಿದ್ದ. ಒತ್ತಿದಷ್ಟು ಹೊತ್ತೂ ಹಾರುತ್ತದೆ. ನಳಿಗೆ ಇಪ್ಪತ್ತಾರು ಸೆಂಟಿಮೀಟರ್. ಹಾರಿಸಿದಾಗ ವಿಷಕಾರಿ ಕೊಳಚೆ ಮತ್ತು ಅನಿಲ ಚಿಮ್ಮುತ್ತದೆ. ಮೂರೂ ವರ್ಗದಲ್ಲಿ ಮಾವ ಪಾಸಾಗಿದ್ದರು. ಒಂದನೇ ತರಗತಿಯನ್ನೂ ದಾಟದ ಮನುಷ್ಯ.

ಇದನ್ನು ಹೇಳಿದಾಗ ಅತ್ತೆ ನಕ್ಕರು. "ಆಕಾಶ ನೋಡೋಕೆ ನೂಕುನುಗ್ಗಲೇ? ಬಂದೂಕು ಅನ್ನೋಕೆ ಇಷ್ಟೊಂದು ಅಳತೆ ಮಾಡ್ತಾರಲ್ಲ. ಗುಂಡಿಗೆ ಇಳಿಸೋವಾಗ ಯಾರಾದ್ರೂ ಏನಾದ್ರೂ ಅಳೀತಾರಾ?"

ನಾನು ಆ ಮಾತನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡೆ.

ಮೂರನೆಯ ದಿನ ಮಧ್ಯಾಹ್ನ ಮೈದುನನೂ ನಾನೂ ಬುತ್ತಿ ತೆಗೆದುಕೊಂಡು ಠಾಣೆಗೆ ಹೋದೆವು. ಬೆಂಚು ಖಾಲಿ ಇತ್ತು. ನಮ್ಮನ್ನು ಚಪ್ಪಲಿ ಬಿಡುವ ಕಡೆ ನೆಲದ ಮೇಲೆ ಕೂರಿಸಿದರು. ಠಾಣೆಯ ಸಾಹೇಬರು ಮೇಜಿನ ಖಾನೆಯಿಂದ ಸುಗಂಧದ ಬಾಟಲಿ ತೆಗೆದು ನಮ್ಮ ಕಡೆಗೆ ಎರಡು ಸಲ ಪುಸ್ ಪುಸ್ ಎನಿಸಿದರು. ಆದರೆ ಅವತ್ತು ನಾರುತ್ತಿದ್ದುದು ನಾವಲ್ಲ, ಠಾಣೆ. ಎರಡು ದಿನದಿಂದ ಅವರ ಕಕ್ಕಸು ಕಟ್ಟಿಕೊಂಡಿತ್ತು. ಅದನ್ನು ಬಿಡಿಸುವ ಯಂತ್ರ ಅವರದೇ ಕೋಣೆಯಲ್ಲಿ ಮೊಹರಿನೊಳಗಿತ್ತು. ಪೇದೆಗಳು ಸರದಿಯ ಮೇಲೆ ಎದುರಿನ ಹೋಟೆಲಿಗೆ ಓಡುತ್ತಿದ್ದರು. ಹೋಟೆಲಿನವನು ಆಗಲೇ ಬೀಗ ಹಾಕುವ ಮಾತಾಡಿದ್ದನಂತೆ.

ಲಾಕಪ್ಪಿನ ಸರಳುಗಳ ಹಿಂದೆ ಮಾವ ಆರಾಮಾಗಿ ಕೂತಿದ್ದರು. ಜೊತೆಗಿದ್ದ ಜೇಬುಗಳ್ಳನೊಬ್ಬ ಅವರಿಗೆ ಗೋಡೆಯ ಕಡೆಯ ಜಾಗ ಬಿಟ್ಟುಕೊಟ್ಟಿದ್ದ. ಬಂದೂಕು ಮಾಡಿದವರು ಎಂದು ಮರ್ಯಾದೆ.

"ಏನಮ್ಮ ಲಾಯರಮ್ಮ, ಎಷ್ಟು ವರ್ಷ ಅಂತೆ?" ಎಂದು ಕೇಳಿದರು.

ಏಳು ಎಂದೆ.

"ಅಷ್ಟರೊಳಗೆ ಇವರು ಕಟ್ಟಿಕೊಂಡೇ ಸಾಯ್ತಾರೆ ಬಿಡು."

ಒಳಗಿದ್ದವರೆಲ್ಲ ನಕ್ಕರು. ಒಬ್ಬ ಪೇದೆಯೂ ನಕ್ಕು, ಹೊಟ್ಟೆ ಹಿಡಿದುಕೊಂಡು ಹೊರಗೆ ಓಡಿದ.

ಸಾಹೇಬರು ಎದ್ದು ಬಂದರು. ಮೈದುನನನ್ನು ಮೇಲಿಂದ ಕೆಳಗೆ ನೋಡಿದರು. ದನ ಕೊಳ್ಳುವವರು ನೋಡುವ ಹಾಗೆ. ಭುಜದ ಅಗಲ, ಸೊಂಟ.

"ನೀನು ಇವನ ಮಗ ತಾನೆ? ಹಿತ್ತಲಲ್ಲಿ ಗುಂಡಿ ಇದೆ. ಇಳಿದು ಸರಿ ಮಾಡು. ಸಂಜೆಗೆ ನಿಮ್ಮಪ್ಪನ್ನ ಬಿಡ್ತೀನಿ. ಕೇಸಿಲ್ಲ, ಏನಿಲ್ಲ."

ಅದು ಅವರ ಮಟ್ಟಿಗೆ ದೊಡ್ಡ ಮನಸ್ಸು. ಹೇಳುವಾಗ ಮುಖದಲ್ಲಿ ಕರುಣೆಯೂ ಇತ್ತು.

ಮೈದುನ ನನ್ನ ಮುಖ ನೋಡಿದ. ಆಮೇಲೆ ಸರಳುಗಳ ಕಡೆ ನೋಡಿದ. ಹಿತ್ತಲಿಗೆ ನಡೆದ. ನಾನು ಹಿಂದೆ ಹೋದೆ. ಗುಂಡಿಯ ಮುಚ್ಚಳ ಕಂಡಿತು. ಅದೇ ಸಾಲು. ಗೋಡೆಯ ಆಚೆ, ಮೂರು ಮುಚ್ಚಳ ದೂರದಲ್ಲಿ, ಆ ನೀಲಿ ಅಂಗಿ ಉಳಿದದ್ದು. ಮೈದುನ ಅಂಗಿಯ ಮೇಲಿನ ಬಟನ್ ಬಿಚ್ಚಿದ. ಎರಡನೆಯದನ್ನು ಬಿಚ್ಚಿದ. ಅಂಗಿಯನ್ನು ತೆಗೆದು ಮಡಿಸತೊಡಗಿದ. ಅಣ್ಣ ಮಡಿಸುತ್ತಿದ್ದ ಹಾಗೆಯೇ. ತೋಳು ಒಳಗೆ, ಕಾಲರ್ ಮೇಲೆ.

ನಾನು ಹೋಗಿ ಮುಚ್ಚಳದ ಮೇಲೆ ಕೂತೆ.

ಧೈರ್ಯದಿಂದ ಕೂತೆ ಎಂದು ಬರೆದರೆ ಸುಳ್ಳಾಗುತ್ತದೆ. ಕೂರಲು ಸಿಕ್ಕಿದ್ದು ಅದೊಂದೇ ಜಾಗ.

"ಏಯ್, ಏಳು ಮೇಲೆ," ಎಂದರು ಸಾಹೇಬರು.

ಲಾಕಪ್ಪಿನ ಹಿಂದಿನ ಕಿಟಕಿ ಹಿತ್ತಲಿಗೆ ತೆರೆದಿತ್ತು. ಅಲ್ಲಿಂದ ಮಾವನ ದನಿ ಬಂತು. ಬೈಗುಳವಲ್ಲ, ಗೋಗರೆಯುವುದೂ ಅಲ್ಲ. ಊಟಕ್ಕೆ ಕರೆಯುವ ದನಿ.

"ಅಂಗಿ ಹಾಕ್ಕೊಳ್ಳೋ."

ಮೈದುನ ನಿಂತ.

"ನಾನು ಏಳು ವರ್ಷ ಇಲ್ಲೇ ಕೂತಿರ್ತೀನಿ. ಎರಡು ಹೊತ್ತು ಊಟ ಬರುತ್ತೆ, ನೆರಳಿದೆ, ಜೊತೆಗೆ ಜನ ಇದ್ದಾರೆ. ನೀನು ಇಳಿಯಬೇಡ. ಇಳಿಯಲ್ಲ ಅಂತ ಹೇಳು ಅವರಿಗೆ. ನಿನ್ನ ಬಾಯಲ್ಲೇ ಹೇಳು."

ಮೈದುನ ಅಂಗಿಯನ್ನು ಕೊಡವಿ ಹಾಕಿಕೊಂಡ. ಬಟನ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿದ. ಕುತ್ತಿಗೆಯವರೆಗೂ.

"ಇಳಿಯಲ್ಲ ಸಾರ್," ಎಂದ.

ನಮ್ಮ ಬೀದಿಯವರು ಆ ಮಾತನ್ನು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸಣ್ಣ ಮಾತು.

ಸಾಹೇಬರು ಕೈ ಎತ್ತಿದರು. ಅಷ್ಟರಲ್ಲಿ ಮುಂಬಾಗಿಲಿಂದ ಯಾರೋ ಅವಸರದಲ್ಲಿ ಒಳಗೆ ಬಂದರು. ತೆಳ್ಳಗಿನ ವಯಸ್ಸಾದ ಮನುಷ್ಯ, ಹೆಗಲಿಗೆ ಚರ್ಮದ ಚೀಲ. ಆಯುಧ ಪರೀಕ್ಷಕರು. ಬಂದೂಕು ಯಾವ ವರ್ಗದ್ದು ಎಂದು ತೀರ್ಮಾನಿಸಲು ಕಳಿಸಿದ್ದ ತಜ್ಞರು. ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಬಂದಿದ್ದರು.

ಅವರ ಮೊದಲ ಪ್ರಶ್ನೆ ಬಂದೂಕಿನ ಬಗ್ಗೆ ಇರಲಿಲ್ಲ. "ಇಲ್ಲಿ ಕಕ್ಕಸು ಎಲ್ಲಿದೆ?"

ಒಬ್ಬ ಪೇದೆ ಎದುರಿನ ಹೋಟೆಲನ್ನು ತೋರಿಸಿದ. ಹೋಗಿಬಂದ ಮೇಲೆ ಅವರ ಮುಖ ಸ್ವಲ್ಪ ತಿಳಿಯಾಗಿತ್ತು. ಹೋಟೆಲಿನವನಿಗೆ ಕೈಮುಗಿದು ಒಳಗೆ ಹೋದೆ ಎಂದರು. ಮೈದುನನೂ ನಾನೂ ಹಿತ್ತಲಿನಿಂದ ಬಂದು ಮತ್ತೆ ಚಪ್ಪಲಿಯ ಕಡೆ ಕೂತೆವು. ಪರೀಕ್ಷಕರು ಮೊಹರು ಒಡೆದು ಯಂತ್ರವನ್ನು ಮೇಜಿನ ಮೇಲೆ ಇಟ್ಟರು. ತಿರುಗಿಸಿ ನೋಡಿದರು. ಸೈಕಲ್ ಸೀಟನ್ನು ಬೆರಳಲ್ಲಿ ಒತ್ತಿದರು. ಸಾಹೇಬರನ್ನು ಏನೂ ಕೇಳಲಿಲ್ಲ. ಮಾವನನ್ನು ಹೊರಗೆ ಕರೆಸಿದರು.

"ಯಜಮಾನ್ರೆ, ಇದು ಹೇಗೆ ಕೆಲಸ ಮಾಡುತ್ತೆ, ತೋರಿಸ್ತೀರಾ?"

ಮಾವ ಹಿಂದೆ ತಿರುಗಿ ನೋಡಿದರು. ಯಜಮಾನ್ರು ಯಾರು ಎಂದು.

ನಾನು ಎದ್ದು ನಿಂತೆ. ನಿಷೇಧಿತವೋ ಅಲ್ಲವೋ ಎಂದು ಹೇಳಬೇಕಾದರೆ ಅದನ್ನು ಮಾಡಿದ ಉದ್ದೇಶಕ್ಕೇ ಹಾರಿಸಿ ನೋಡಬೇಕು, ಮೇಜಿನ ಮೇಲೆ ಅಳೆದರೆ ಸಾಲದು ಎಂದು ಕಲಂ ಸಹಿತ ಹೇಳಿದೆ. ಕಟ್ಟಿಕೊಂಡ ಚರಂಡಿ ಹಿತ್ತಲಲ್ಲೇ ಇದೆ ಎಂದೆ. ಜೊತೆಗೆ ಒಂದು ಪೈಪು ಬೇಕು, ಅದು ನಮ್ಮ ಮನೆಯಲ್ಲಿದೆ ಎಂದೆ. ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿ, ಸರಿಯಾದ ಮಾತು, ತರಿಸಿ ಎಂದರು. ಸಾಹೇಬರು ಬೇಡ ಎನ್ನಲಿಲ್ಲ. ಅವರಿಗೂ ಹೊಟ್ಟೆ ಇತ್ತಲ್ಲ.

ಮೈದುನ ಓಡಿದ. ಅರ್ಧ ಗಂಟೆಯಲ್ಲಿ ಬೀದಿಗೆ ಬೀದಿಯೇ ಬಂತು. ಮುಂದೆ ಅತ್ತೆ, ಹಿಂದೆ ಮೈದುನ, ನಡುವೆ ಹದಿನಾಲ್ಕು ಅಡಿ ಪೈಪು. ಅವಸರದಲ್ಲಿ ಅತ್ತೆ ಬಟ್ಟೆ ತೆಗೆದಿರಲಿಲ್ಲ. ಒಂದು ಹಳದಿ ಸೀರೆ, ಮಾವನ ಎರಡು ಬನಿಯನ್ನು, ನನ್ನ ಟವೆಲು ಪೈಪಿನ ಮೇಲೆ ಹಾರಾಡುತ್ತ ಠಾಣೆಯ ಬಾಗಿಲಲ್ಲಿ ನುಗ್ಗಿದವು.

ಪರೀಕ್ಷಕರು ಟವೆಲನ್ನು ಪಕ್ಕಕ್ಕೆ ಸರಿಸಿ, ಪೈಪನ್ನು ನಳಿಗೆಗೆ ಸಿಕ್ಕಿಸಿ, ಟೇಪು ಹಿಡಿದು ಅಳೆದರು.

"ನಾಲ್ಕು ಮೀಟರ್ ಐವತ್ತೆರಡು," ಎಂದರು. "ಇದನ್ನ ಬಟ್ಟೆಯೊಳಗೆ ಬಚ್ಚಿಡೋಕಾಗುತ್ತಾ, ಇನ್ಸ್‌ಪೆಕ್ಟರ್?"

"ಬಟ್ಟೆ ಇದರ ಮೇಲೆ ಇರುತ್ತೆ ಸ್ವಾಮಿ," ಎಂದರು ಅತ್ತೆ.

ಎರಡನೆಯ ವರ್ಗ ಅಲ್ಲಿಗೆ ಬಿತ್ತು.

ಆಮೇಲೆ ಚೆಂಡು. ಅದಕ್ಕೆ ಒಂದು ಉದ್ದನೆಯ ಹಗ್ಗ ಕಟ್ಟಿತ್ತು. ಇದು ಯಾಕೆ ಎಂದು ಕೇಳಿದರು. ಚೆಂಡು ಒಂದೇ ಇರುವುದು, ಕಳೆದುಹೋದರೆ ಇನ್ನೊಂದು ಎಲ್ಲಿಂದ ತರಲಿ, ಹಾರಿಸಿದ ಮೇಲೆ ಎಳೆದುಕೊಳ್ಳುತ್ತೇನೆ ಎಂದರು ಮಾವ. ಪರೀಕ್ಷಕರು ಬರೆಯುವುದನ್ನು ನಿಲ್ಲಿಸಿದರು.

"ಮೂವತ್ತೊಂದು ವರ್ಷ ಬಂದೂಕು ನೋಡಿದ್ದೀನಿ. ಗುಂಡಿಗೆ ಹಗ್ಗ ಕಟ್ಟಿ ವಾಪಸ್ ಎಳ್ಕೊಳ್ಳೋ ಬಂದೂಕು ನೋಡಿರಲಿಲ್ಲ."

ಹಾರಿಸುತ್ತಲೇ ಇರುವ ವರ್ಗವೂ ಬಿತ್ತು. ಹಿತ್ತಲ ಗೋಡೆಯ ಮೇಲೆ ಹತ್ತಿ ಕೂತಿದ್ದ ನಮ್ಮವರು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು.

ಮೂರನೆಯದು ಉಳಿಯಿತು. ವಿಷಾನಿಲ. ಅದನ್ನು ಅಳೆಯಲು ಪರೀಕ್ಷಕರು ಅಂಗೈಯಗಲದ ಒಂದು ಪೆಟ್ಟಿಗೆ ತಂದಿದ್ದರು. ತೆಳುವಾದ ರಬ್ಬರ್ ನಳಿಕೆ ಅದಕ್ಕೆ. ಯಂತ್ರ ಹಾರಿಸುವ ಮುಂಚೆ ಒಮ್ಮೆ, ಹಾರಿಸಿದ ಮೇಲೆ ಒಮ್ಮೆ ಅಳೆಯಬೇಕು, ಅದು ಕ್ರಮ ಎಂದರು. ಮುಚ್ಚಳ ಸರಿಸಿದರು. ನಳಿಕೆಯನ್ನು ಕೆಳಗೆ ಬಿಟ್ಟರು.

ಪೆಟ್ಟಿಗೆ ಕಿರುಚಿತು. ಸಣ್ಣ ಮಗುವಿನ ಹಾಗೆ, ಬಿಡದೆ.

ಪರೀಕ್ಷಕರು ಎಲ್ಲರನ್ನೂ ಹಿಂದಕ್ಕೆ ಸರಿಸಿದರು. ಮುಳ್ಳು ನೋಡಿದರು. ಇನ್ನೊಮ್ಮೆ ಬಿಟ್ಟು ನೋಡಿದರು. ಪೆಟ್ಟಿಗೆ ಮತ್ತೆ ಕಿರುಚಿತು. ಗೋಡೆಯ ಮೇಲಿನ ನಗು ನಿಂತಿತ್ತು.

"ಇದರೊಳಗೆ ಯಾರೂ ಇಳಿಯಲ್ಲ ತಾನೆ?" ಎಂದು ಕೇಳಿದರು.

ಸಾಹೇಬರು ತಮ್ಮ ಬೂಟು ನೋಡಿಕೊಂಡರು. ಮೈದುನ ಅಂಗಿಯ ಮೇಲಿನ ಬಟನ್ ಮುಟ್ಟಿ ನೋಡಿಕೊಂಡ.

"ಇಳಿದಿದ್ದಾರೆ," ಎಂದೆ ನಾನು. "ಇದೇ ಸಾಲಲ್ಲಿ. ಮೂರು ಮುಚ್ಚಳ ಆಚೆ."

ಅವರು ಬರೆದುಕೊಂಡರು.

ಆಮೇಲೆ ಮಾವ ಹಾರಿಸಿದರು. ಪೈಪನ್ನು ಇಳಿಬಿಟ್ಟು, ಮಂಡಿಯೂರಿ, ಸೈಕಲ್ ಸೀಟಿಗೆ ಭುಜ ಕೊಟ್ಟರು. ಡುಬ್ ಎಂದಿತು. ಕೆಳಗೆ ಏನೋ ಗೊರಗೊರ ಎಂದು, ಕೊನೆಗೆ ದೊಡ್ಡದೊಂದು ಗುಟುಕು ನುಂಗಿದ ಸದ್ದಾಯಿತು. ನೀರು ಹರಿಯತೊಡಗಿತು. ಪೇದೆಗಳು ಚಪ್ಪಾಳೆ ತಟ್ಟಿದರು. ಇಬ್ಬರು ಒಳಗೆ ಓಡಿದರು. ಲಾಕಪ್ಪಿನ ಜೇಬುಗಳ್ಳ ಶಿಳ್ಳೆ ಹಾಕಿದ. ಮಾವ ಹಗ್ಗ ಎಳೆದು ಚೆಂಡನ್ನು ವಾಪಸ್ ತೆಗೆದು, ಚಿಂದಿಯಲ್ಲಿ ಒರೆಸಿ, ತಜ್ಞರ ಮುಂದೆ ಸಾಕ್ಷಿಯಾಗಿ ಇಟ್ಟರು. ಪರೀಕ್ಷಕರು ಮತ್ತೆ ನಳಿಕೆ ಇಳಿಬಿಟ್ಟು ಅಳೆದರು, ಮುಳ್ಳು ಮೊದಲಿಗಿಂತ ಮೇಲೇರಲಿಲ್ಲ.

ವರದಿಯನ್ನು ಅಲ್ಲೇ ಕೂತು ಕೈಯಲ್ಲಿ ಬರೆದರು. ಬರೆದು ಓದಿದರು. ಸದರಿ ಸಾಧನ ಯಾವ ವರ್ಗದ ಆಯುಧವೂ ಅಲ್ಲ, ಚರಂಡಿ ಬಿಡಿಸುವ ಉಪಕರಣ. ಸದರಿ ಸಾಧನ ವಿಷಾನಿಲವನ್ನು ಹೊರಬಿಡುವುದಿಲ್ಲ. ಮುಂದಿನದನ್ನು ನಿಧಾನವಾಗಿ ಓದಿದರು. 'ವಿಷಾನಿಲವು ಪರೀಕ್ಷೆಗೆ ಮುಂಚೆಯೇ ಗುಂಡಿಯಲ್ಲಿತ್ತು. ಅದರ ಪ್ರಮಾಣ ಕೆಲವೇ ಉಸಿರಿನಲ್ಲಿ ಮನುಷ್ಯನನ್ನು ಕೊಲ್ಲುವಷ್ಟು.'

ಸಾಹೇಬರು ಬಗ್ಗಿ ಮೆಲ್ಲಗೆ ಹೇಳಿದರು. ಆ ಕೊನೆಯ ಎರಡು ಸಾಲು ಬೇಡವಾಗಿತ್ತು ಸಾರ್, ಕೇಸು ಬಂದೂಕಿನದಲ್ಲವೇ.

"ಅಳೆದಿದ್ದು ಬರೀಬೇಕಲ್ರೀ," ಎಂದರು ಪರೀಕ್ಷಕರು. ಸಹಿ ಹಾಕಿ ಮೊಹರು ಒತ್ತಿದರು. ಊರಿಗೆ ಹೊರಡುವ ಮುಂಚೆ ಠಾಣೆಯ ಕಕ್ಕಸಿಗೆ ಹೋಗಿಬಂದರು.

ಆರೋಪಿಯ ಕಡೆಯವಳಾಗಿ ನಾನು ವರದಿಯ ನಕಲು ಕೇಳಿದೆ. ಕೊಡಲೇಬೇಕಿತ್ತು. ಕೊಟ್ಟರು.

ಮಾರನೆಯ ದಿನ ಛತ್ರಿಯ ಕೆಳಗೆ ಕೂತು ಹನ್ನೆರಡನೆಯ ಅರ್ಜಿ ಟೈಪ್ ಮಾಡಿದೆ. ಮೊದಲ ಸಾಲು, 'ನನ್ನ ಗಂಡ ಕುಡಿದಿರಲಿಲ್ಲ.' ಎರಡನೆಯ ಸಾಲು, 'ದಾಖಲೆ ಲಗತ್ತಿಸಿದೆ.' ಹಿಂದಿನ ಹನ್ನೊಂದು ಅರ್ಜಿಗಳೂ ಮೂರು ಮೂರು ಪುಟ ಇದ್ದವು. ಇದಕ್ಕೆ ಎರಡು ಸಾಲು ಸಾಕಾಯಿತು.

ವರದಿಯನ್ನು ನಲವತ್ತು ಪ್ರತಿ ಮಾಡಿಸಿದೆ. ನಮ್ಮ ಬೀದಿಯ ಗಂಡಸರೆಲ್ಲರೂ ಒಂದೊಂದನ್ನು ಮಡಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಇಳಿ ಎಂದವರಿಗೆ ತೆಗೆದು ಕೊಡುತ್ತಾರೆ. ಓದಿ ಸಾರ್ ಎನ್ನುತ್ತಾರೆ. ಗುತ್ತಿಗೆದಾರ ಇಲ್ಲಿಯವರೆಗೆ ಒಂಬತ್ತು ಸಲ ಓದಿದ್ದಾನೆ. ಅವನ ಮೂರು ಯಂತ್ರಗಳಲ್ಲಿ ಒಂದು, ಹೋದ ವಾರ, ಕಾಗದದಿಂದ ರಸ್ತೆಗೆ ಇಳಿದು ಬಂತು.

ಮಾವ ಮನೆಗೆ ಬಂದ ದಿನ ಅತ್ತೆ ಎಲ್ಲರಿಗೂ ಬಡಿಸಿದರು. ಮೈದುನನ ತಟ್ಟೆಗೆ ಒಂದು ಸೌಟು ಹಾಕಿದರು. ಇನ್ನೊಂದು ಹಾಕಿದರು. ಮೂರನೆಯದನ್ನು ಎತ್ತಿದಾಗ ಅವನು ತಟ್ಟೆಗೆ ಕೈ ಅಡ್ಡ ಹಿಡಿದ.

"ಸಾಕಮ್ಮ. ಇನ್ಯಾಕೆ ದಪ್ಪ ಆಗಬೇಕು? ಕಾಗದ ಬಂತಲ್ಲ."

ನಾನು ನಕ್ಕೆ. ಹದಿನಾಲ್ಕು ತಿಂಗಳ ಮೇಲೆ. ನನ್ನದೇ ದನಿ ಗುರುತು ಸಿಗಲಿಲ್ಲ.

ಅತ್ತೆ ನಗಲಿಲ್ಲ. ಅವನ ಕೈಯನ್ನು ಪಕ್ಕಕ್ಕೆ ಸರಿಸಿ ಸೌಟು ಬಗ್ಗಿಸಿದರು.

"ಕಾಗದ ಹರಿಯುತ್ತೆ. ನೀನು ತಿನ್ನು."